ಬೇಸಿಗೆಯ ವಿಮಾನ, ಅಮ್ಮನ ಪ್ರಸ್ಥಾನ

ಅಮೆರಿಕದ ನ್ಯೂವಾರ್ಕಿನಿಂದ ಹೊರಟು ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ನಿಲ್ದಾಣದಲ್ಲಿ ನೇರವಾಗಿ ಇಳಿಯುವ ವಿಮಾನವೊಂದಿತ್ತು. ನಮ್ಮಮ್ಮ ಅದನ್ನು ‘ನಮ್ಮ ಬಸ್ಸು’ ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಮಾತ್ರ ಅದರ ಓಡಾಟ. ಮೇ ತಿಂಗಳಲ್ಲಿ ಶುರುವಾದರೆ ಸೆಪ್ಟೆಂಬರ್ ನಡುವಿಗೆ ಬಂದ್. ಆ ಹೊಸ ದಾರಿ ಹಾಕಿದವರ ಮನಸ್ಸಿನಲ್ಲಿ ಇದ್ದದ್ದು ಗಾಲ್ಫ್ ಆಡಲು ಹೋಗುವವರು, ಹಳೇ ಕೋಟೆ ನೋಡಲು ಹೋಗುವ ನಿವೃತ್ತರು. ಅವರ ಮಧ್ಯೆ ನೂಲಿನ ಸೀರೆ ಉಟ್ಟು, ತೊಡೆಯ ಮೇಲೆ ಚಟ್ನಿಪುಡಿ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದವಳು ನಮ್ಮಮ್ಮ ಒಬ್ಬಳೇ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಕ್ಕನ ಜೊತೆಗಿದ್ದಳು. ಅಕ್ಕ ಆ ಇಂಗ್ಲೆಂಡಿನ ಊರಿನಲ್ಲಿ ಡಾಕ್ಟರು. ಮದುವೆ ಮುರಿದುಬಿದ್ದು ಒಂದು ದೊಡ್ಡ ಮನೆಯಲ್ಲಿ ಒಂಟಿಯಾಗಿದ್ದವಳು. ನಾನು ಇತ್ತ ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿ ಗಂಡ ಮತ್ತು ಪುಟ್ಟ ಮಗಳೊಂದಿಗೆ. ನನ್ನದು ಡಿಪೆಂಡೆಂಟ್ ವೀಸಾ, ಕೆಲಸಕ್ಕೆ ಹೋಗುವಂತಿಲ್ಲ. ಅಂದರೆ ಓದಿದ ಓದನ್ನೆಲ್ಲ ಕಟ್ಟಿಟ್ಟು ಒಗ್ಗರಣೆ ಹಾಕಿಕೊಂಡಿರುವುದು. ಚಳಿಗಾಲ ಅಕ್ಕನಿಗೆ, ಬೇಸಿಗೆ ನನಗೆ ಎಂದು ಅಮ್ಮ ತನ್ನನ್ನು ತಾನೇ ಹಂಚಿಕೊಟ್ಟಿದ್ದಳು. ಈ ಹಂಚಿಕೆ ನಡೆಯುತ್ತಿದ್ದುದು ಆ ಬಸ್ಸಿನಿಂದ.

ಯಾಕೆಂದರೆ ಅಮ್ಮ ವಿಮಾನ ಬದಲಿಸಲು ಸುತಾರಾಂ ಒಪ್ಪುತ್ತಿರಲಿಲ್ಲ. ಮೊದಲ ಸಲ ಲಂಡನ್ನಿನಲ್ಲಿ ಬದಲಿಸಿ ಬರುವಾಗ ಒಂದು ಎಡವಟ್ಟಾಗಿತ್ತು. ಗೇಟು ಯಾವುದೆಂದು ತಿಳಿಯದೆ, ಮುಂದೆ ಹೋಗುತ್ತಿದ್ದ ಒಬ್ಬ ಸೀರೆಯ ಹೆಂಗಸಿನ ಹಿಂದೆ ಹೋಗಿ ಟೊರಾಂಟೊ ಗೇಟಿನಲ್ಲಿ ಕೂತುಬಿಟ್ಟಿದ್ದಳು. ಇಲ್ಲಿಗೆ ಬರುವ ವಿಮಾನ ಅವಳನ್ನು ಬಿಟ್ಟು ಬಂತು. ಮರುದಿನ ಬಂದಿಳಿದವಳನ್ನು ನಾನು ಬೈದರೆ, ನನಗೇ ಜೋರು ಮಾಡಿದಳು.

“ರೇಷ್ಮೆ ಸೀರೆ ಉಟ್ಕೊಂಡು, ಕೈಲಿ ಹಾಟ್‌ಕೇಸ್ ಹಿಡ್ಕೊಂಡು ಹೋಗೋಳು ನ್ಯೂಜೆರ್ಸಿಗೆ ಅಲ್ದೆ ಇನ್ನೆಲ್ಲಿಗೆ ಹೋಗ್ತಾಳೆ ಅಂದ್ಕೊಳ್ಳಲಿ?”

ಅದಕ್ಕೊಂದು ಉಪಾಯ ಎಲ್ಲರಿಗೂ ಗೊತ್ತಿತ್ತು. ನಮ್ಮ ಅಪಾರ್ಟ್‌ಮೆಂಟುಗಳಿಗೆ ಇಂಡಿಯಾದಿಂದ ಬರುವ ಅಪ್ಪ-ಅಮ್ಮಂದಿರೆಲ್ಲ ಬರುವುದೇ ವೀಲ್‌ಚೇರಿನಲ್ಲಿ. ಕಾಲು ನೋವಿಲ್ಲದಿದ್ದರೂ ಸರಿ, ವೀಲ್‌ಚೇರ್ ಬುಕ್ ಮಾಡಿದರೆ ತಳ್ಳುವವರು ಗೇಟಿನಿಂದ ಗೇಟಿಗೆ ಮುಟ್ಟಿಸುತ್ತಾರೆ; ಇಂಗ್ಲಿಷ್ ಬರಬೇಕಿಲ್ಲ, ದಾರಿ ಕೇಳಬೇಕಿಲ್ಲ. ಇದನ್ನು ಹೇಳಿದ್ದೇ ತಡ, ಅಮ್ಮನ ಮುಖ ಕೆಂಪಾಯಿತು.

“ಎರಡು ಕಾಲೂ ನೆಟ್ಟಗಿರೋವಾಗ ಕುರ್ಚೀಲಿ ಕೂತು ತಳ್ಳಿಸ್ಕೊಳ್ಳಲಾ? ಬಿಡ್ತು ಅನ್ನು!”

ಮೈಸೂರಿನಲ್ಲಿ ಹೊಲಿಗೆ ಕ್ಲಾಸು ನಡೆಸಿ, ಅರ್ಧ ಬಡಾವಣೆಯ ಹೆಣ್ಣುಮಕ್ಕಳಿಗೆ ರವಿಕೆ ಕತ್ತರಿಸುವುದನ್ನು ಕಲಿಸಿದವಳು. ಅವಳ ಹಟದ ಮುಂದೆ ನಾನೆಲ್ಲಿ? ಹಾಗಾಗಿ ಅಕ್ಕನ ಊರಿಗೆ ಡೈರೆಕ್ಟ್ ಫ್ಲೈಟ್ ಬಂದಾಗ ನಮ್ಮಿಬ್ಬರ ಮನೆಯಲ್ಲೂ ಹಬ್ಬ. ಎರಡು ಬೇಸಿಗೆ ಅಮ್ಮ ಜಂಬದಿಂದ ಒಬ್ಬಳೇ ಓಡಾಡಿದಳು.

ಎರಡನೆಯ ಬೇಸಿಗೆ ಮುಗಿಯುವ ಮೊದಲೇ ಕೆಟ್ಟ ಸುದ್ದಿ ಬಂತು. ಪೆಟ್ರೋಲಿನ ಬೆಲೆ ಗಗನಕ್ಕೇರಿತ್ತು, ಜನ ಪ್ರವಾಸ ಕೈಬಿಡುತ್ತಿದ್ದರು. ಸೆಪ್ಟೆಂಬರಿನಲ್ಲಿ ನಿಂತರೆ ಈ ವಿಮಾನ ಮುಂದಿನ ವರ್ಷ ಬರುವುದಿಲ್ಲವಂತೆ. ಇದನ್ನು ಫೋನಿನಲ್ಲಿ ಹೇಳಿದವಳು ಅಕ್ಕ. ಕೊನೆಯ ವಿಮಾನ ಹೊರಟಾಗ ಅಮ್ಮ ಸಮುದ್ರದ ಯಾವ ದಡದಲ್ಲಿರುತ್ತಾಳೋ ಅಲ್ಲೇ ಉಳಿಯುತ್ತಾಳೆ. ಅವಳು ಹೋದರೆ ಮತ್ತೆ ನನ್ನ ಮನೆಗೆ ಬರುವುದಿಲ್ಲ. ಉಳಿದರೆ ಅಕ್ಕನಿಗೆ ಆ ಕತ್ತಲೆಯ ಚಳಿಗಾಲದಲ್ಲಿ ಯಾರೂ ಇಲ್ಲ.

“ಅಮ್ಮನ್ನ ಅಲ್ಲೇ ಇಟ್ಕೊಂಡ್ಬಿಡೋ ಪ್ಲ್ಯಾನ್ ಮಾಡ್ತಿದೀಯಾ ಅಲ್ವಾ?” ಎಂದಳು ಅಕ್ಕ.

“ನಿಂಗ್ಯಾಕೆ ಬೇಕೇ ಅಮ್ಮ? ಇಡೀ ದಿನ ಕ್ಲಿನಿಕ್ಕಲ್ಲಿರ್ತೀಯಾ.”

“ಸಾಯಂಕಾಲ ಮನೆಗ್ ಬರ್ತೀನಿ ಕಣೇ. ಯಾರಾದ್ರೂ ಬಾಗಿಲು ತೆಗೀಬೇಕು ನಂಗೆ.”

ನಾನು ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ. ಅಮ್ಮ ಪಕ್ಕದಲ್ಲೇ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಎಲ್ಲ ಕೇಳಿಸಿಕೊಂಡರೂ ಕೇಳಿಸದವಳ ಹಾಗೆ ಇದ್ದಳು. “ಟಿಕೆಟ್ ಇರೋದು ಹೋಗಕ್ಕೆ ತಾನೆ, ಹೋಗ್ತೀನಿ” ಎಂದಷ್ಟೇ ಹೇಳಿದಳು. ವೀಸಾ ಎಕ್ಸ್‌ಟೆನ್ಶನ್ ಹಾಕೋಣ, ಇರು ಎಂದು ನಾನು ಗೋಗರೆದರೂ ಬಾಯಿ ಬಿಡಲಿಲ್ಲ. ಯಾರ ಮನೆ ಇಷ್ಟ ಎಂದು ಕೇಳಿದರೆ ಅಮ್ಮ ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳು.

ಕೊನೆಯ ವಿಮಾನ ಬಿದ್ದದ್ದು ಮಂಗಳವಾರ, ಅದೂ ಪಿತೃಪಕ್ಷ ಶುರುವಾಗುವ ದಿನ. ಅಮ್ಮ ಕ್ಯಾಲೆಂಡರ್ ನೋಡಿ ಲೊಚಗುಟ್ಟಿದಳು. ಆಮೇಲೆ, “ಇರಲಿ, ಶುಕ್ರವಾರವೇ ಪ್ರಸ್ಥಾನ ಇಟ್ಬಿಡೋಣ” ಎಂದಳು. ಹೊರಡುವ ದಿನ ಸರಿಯಿಲ್ಲದಿದ್ದರೆ ಅದಕ್ಕೂ ಮೊದಲಿನ ಒಂದು ಒಳ್ಳೆಯ ದಿನ ನೋಡಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು ನಮ್ಮ ಕಡೆಯ ಪದ್ಧತಿ. ಚೀಲ ಹೊಸಿಲು ದಾಟಿದಾಗಲೇ ಪ್ರಯಾಣ ಶುರುವಾದ ಲೆಕ್ಕ. ಹೊರಡುವಾಗ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋಗಬೇಕು. ಅದು ಮಾತ್ರ ವಾಪಸು ಮನೆಯೊಳಗೆ ಬರಕೂಡದು. ಬಂತೋ, ಪ್ರಯಾಣ ಕೆಟ್ಟಿತು.

ನನ್ನ ಗಂಡ ನಕ್ಕರು. “ಅತ್ತೆ, ಅಮೆರಿಕದಲ್ಲೂ ಇದೆಲ್ಲ ಆಗುತ್ತಾ?”

“ಮಂಗಳವಾರ ಅಮೆರಿಕದಲ್ಲೂ ಮಂಗಳವಾರಾನೇ ಅಲ್ವೇ?” ಎಂದಳು ಅಮ್ಮ.

ಪಾರ್ಕಿಂಗ್ ಲಾಟಿನ ಆಚೆ ಕಟ್ಟಡದ ಕೆಳಮನೆಯಲ್ಲಿ ಮೈಸೂರಿನ ಕಡೆಯ ಆಂಟಿಯೊಬ್ಬರಿದ್ದರು. ಮುಸ್ಲಿಮರು, ಮಂಡಿ ಮೊಹಲ್ಲಾದವರು. ಅಮ್ಮನಿಗಿಂತ ಹತ್ತು ವರ್ಷ ಚಿಕ್ಕವರಾದ ಅವರು ಅವಳನ್ನು ‘ಅಮ್ಮ’ ಎಂದೇ ಕರೆಯುತ್ತಿದ್ದರು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಇವರಿಬ್ಬರೂ ಮೆಟ್ಟಿಲ ಮೇಲೆ ಕೂತು ದೇವರಾಜ ಮಾರ್ಕೆಟ್ಟಿನ ಬದನೆಕಾಯಿಗೂ ಇಲ್ಲಿನ ಬದನೆಕಾಯಿಗೂ ಇರುವ ವ್ಯತ್ಯಾಸದ ಬಗ್ಗೆ ಗಂಟೆಗಟ್ಟಲೆ ಮಾತಾಡುವರು. ಒಂದು ಸೀರೆ, ಒಂದು ಹಿಡಿ ಅಕ್ಕಿ, ಅರಿಸಿನ-ಕುಂಕುಮದ ಪೊಟ್ಟಣ ಹಾಕಿದ ಕೆಂಪು ಕೈಚೀಲವನ್ನು ಅಮ್ಮ ಶುಕ್ರವಾರ ಬೆಳಿಗ್ಗೆ ಅವರ ಮನೆಯಲ್ಲಿಟ್ಟು ಬಂದಳು.

ಸೋಮವಾರ ಬೆಳಿಗ್ಗೆ ಟಿವಿಯಲ್ಲಿ ನ್ಯೂಯಾರ್ಕಿನದೇ ಸುದ್ದಿ. ದೊಡ್ಡ ಬ್ಯಾಂಕು ಬಿದ್ದುಹೋಗಿದೆ, ಉಳಿದವೂ ಅಲ್ಲಾಡುತ್ತಿವೆ. ನನ್ನ ಗಂಡ ಬೇರೊಂದು ಬ್ಯಾಂಕಿನಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುತ್ತಿದ್ದರು. ಬೆಳಗಿನ ಟ್ರೇನ್ ಹಿಡಿದು ಹೋದವರು ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸು ಬಂದರು. ಪ್ರಾಜೆಕ್ಟ್ ನಿಲ್ಲಿಸಿದ್ದಾರೆ ಎಂದರು. ಶೂ ಬಿಚ್ಚದೆ ಸೋಫಾದ ಮೇಲೆ ಕೂತರು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮನೆ, ಕಾರು, ಮಗಳ ಸ್ಕೂಲು ಎಲ್ಲಾ ಹೋಯಿತು. ಅಮ್ಮ ಅವರಿಗೆ ತಟ್ಟೆ ಹಾಕಿ ಮೊಸರನ್ನ ಬಡಿಸಿ, “ಮೊದಲು ಊಟ ಮಾಡಿ” ಎಂದಳು. ನಮ್ಮ ಊಟವಾದ ಮೇಲೆ, ಉಳಿದ ಮೊಸರನ್ನವನ್ನು ಡಬ್ಬಿಗೆ ಹಾಕಿಕೊಂಡು “ಅವರಿಗೆ ಕೊಟ್ಬರ್ತೀನಿ” ಎಂದು ಆಂಟಿಯ ಮನೆಗೆ ಹೋದಳು. ಮನೆಯಲ್ಲಿ ಆಕಾಶವೇ ಕಳಚಿ ಬಿದ್ದಿರುವಾಗ ಇವಳಿಗೆ ಬೀದಿ ಸುತ್ತುವ ಚಪಲ ನೋಡು ಎಂದು ನನಗೆ ರೇಗಿತು.

ಮಂಗಳವಾರ ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಅಡಿಗೆಮನೆಯಲ್ಲಿ ಅಕ್ಕಿ, ಉದ್ದಿನಬೇಳೆ ಎರಡೂ ನೆನೆಹಾಕಿದ್ದಳು. ನಾಳೆಗೆ ನಮಗೆ ಇಡ್ಲಿಗೆ ಆಗಲಿ ಎಂದು, ಹೋಗುವ ದಿನವೂ ಅಡಿಗೆ ಕೆಲಸ ಬಿಡಲಿಲ್ಲವಲ್ಲ ಎಂದುಕೊಂಡೆ. ಸೂಟ್‌ಕೇಸು ಬಾಗಿಲ ಬಳಿ ನಿಂತಿತ್ತು. ಏರ್‌ಪೋರ್ಟಿಗೆ ಹೊರಡಲು ಇನ್ನೇನು ಸ್ವಲ್ಪ ಹೊತ್ತಿತ್ತು. ಮಗಳು ಕಿಟಕಿಯ ಹತ್ತಿರ ಕುಣಿದಳು.

“ಅಜ್ಜೀಸ್ ಬ್ಯಾಗ್ ಈಸ್ ಬ್ಯಾಕ್!”

ನೋಡಿದರೆ ಆಂಟಿ ಆ ಕೆಂಪು ಚೀಲ ಹಿಡಿದುಕೊಂಡು ಸೀದಾ ಒಳಗೆ ಬಂದು, ನಡುಮನೆಯ ಕಾರ್ಪೆಟ್ಟಿನ ಮೇಲೆ ಇಟ್ಟೇಬಿಟ್ಟರು.

“ಗಡಿಬಿಡೀಲಿ ನೀವ್ಯಾಕೆ ಅಲ್ಲೀತನಕ ಬರ್ತೀರಾ ಅಂತ ನಾನೇ ತಂದೆ ಅಮ್ಮ.”

“ಅಯ್ಯೋ ಶಿವನೇ!” ಎಂದು ಅಮ್ಮ ಹಣೆ ಹಣೆ ಚಚ್ಚಿಕೊಂಡಳು. “ಪ್ರಸ್ಥಾನ ಕೆಟ್ಟುಹೋಯ್ತಲ್ಲಮ್ಮಾ!” ಆಂಟಿಯ ಮುಖ ಸಣ್ಣದಾಯಿತು. ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತರು. ಅಮ್ಮ ಸೂಟ್‌ಕೇಸನ್ನು ತಾನೇ ಒಳಕೋಣೆಗೆ ಎಳೆದುಕೊಂಡು ಹೋದಳು. ಅಮ್ಮನೇ ಅಕ್ಕನಿಗೆ ಫೋನ್ ಮಾಡಿಸಿ, ಆದದ್ದನ್ನು ಹೇಳಿದಳು. ಇದು ಯಾವ ಕಾಲದ ಮಾತು ಅಮ್ಮಾ ಎಂದು ಅಕ್ಕ ಕೂಗಾಡಿದ್ದು ನನಗೂ ಕೇಳಿಸಿತು. ಆಮೇಲೆ ಅವಳು ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ.

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಗಿತ್ತು. ಆ ದಿನಗಳಲ್ಲಿ ಅಮ್ಮ ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ. ಗಂಡ ಹಗಲೆಲ್ಲ ಲ್ಯಾಪ್‌ಟಾಪಿನ ಮುಂದೆ ಕೂತು ರೆಸ್ಯೂಮೆ ಕಳಿಸುವರು, ಫೋನ್ ಬಂದರೆ ಬಾಲ್ಕನಿಗೆ ಓಡುವರು, ಒಳಗೆ ಬಂದು ತಲೆ ಅಲ್ಲಾಡಿಸುವರು. ನಾವಿಬ್ಬರೂ ಒಬ್ಬರ ಮೇಲೊಬ್ಬರು ಹರಿಹಾಯುವ ಹೊತ್ತಿಗೆ ಸರಿಯಾಗಿ ಅಮ್ಮ ಮಧ್ಯೆ ಬಂದು, ಮಗುವಿಗೆ ಸ್ವೆಟರ್ ಎಲ್ಲಿ, ಮೊಸರಿಗೆ ಹೆಪ್ಪು ಹಾಕಿದೆಯಾ ಎಂದು ಏನಾದರೂ ತೆಗೆಯುತ್ತಿದ್ದಳು. ದೀಪಾವಳಿಗೆ ಎಣ್ಣೆನೀರು ಹಾಕಿದಳು. ಅಳಿಯನನ್ನೂ ಬಿಡದೆ ಮಣೆಯ ಮೇಲೆ ಕೂರಿಸಿ ಆರತಿ ಎತ್ತಿದಳು.

ಹಬ್ಬ ಕಳೆದ ಮೇಲೆ ಗಂಡನಿಗೆ ನ್ಯೂಜೆರ್ಸಿಯಲ್ಲೇ ಬಾಸ್ಕಿಂಗ್ ರಿಡ್ಜ್‌ನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಮ್ಮಿ, ಆದರೆ ವೀಸಾ ಉಳಿಯಿತು. ಆ ಸಂಜೆ ಪಾಯಸ ಬಡಿಸುತ್ತಾ ಅಮ್ಮ ಹೇಳಿದಳು.

“ನಂಗೆ ಒಂದು ಟಿಕೆಟ್ ಮಾಡ್ಸು. ದೊಡ್ಡವಳ ಹತ್ರ ಹೋಗ್ತೀನಿ.”

“ಡೈರೆಕ್ಟ್ ಇಲ್ವಲ್ಲಮ್ಮಾ ಈಗ. ಲಂಡನ್ನಲ್ಲಿ ಬದಲಾಯಿಸ್ಬೇಕು.”

“ಗೊತ್ತು. ಆ ವೀಲ್‌ಚೇರೂ ಹೇಳು.”

ಹೇಳಿದಂತೆ ಎರಡನ್ನೂ ಬುಕ್ ಮಾಡಿದೆ. ನ್ಯೂವಾರ್ಕಿನ ಚೆಕ್‌ಇನ್ ಕೌಂಟರಿನ ಪಕ್ಕದಲ್ಲಿ ಅವಳು ಸೆರಗು ಸರಿಮಾಡಿಕೊಂಡು ಆ ಕುರ್ಚಿಯಲ್ಲಿ ಕೂತಾಗ ನನಗೆ ನೋಡಲಾಗಲಿಲ್ಲ. ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ನನ್ನ ಕಡೆ ತಿರುಗದೆ ಹೋದಳು.

ಮನೆಗೆ ಬಂದವಳು ನೇರ ಆಂಟಿಯ ಮನೆಗೆ ಹೋಗಿ ಅತ್ತೆ. ದುಃಖದ ಜೊತೆ ಸಿಟ್ಟೂ ಹೊರಬಂತು. “ನೀವು ಅವತ್ತು ಆ ಚೀಲ ತರದೇ ಇದ್ದಿದ್ರೆ ಅಮ್ಮ ಆರಾಮಾಗಿ ಹೋಗಿರ್ತಿದ್ಲು ಆಂಟಿ. ಇವತ್ತು ಕುರ್ಚೀಲಿ ಕೂತ್ಕೊಂಡು ಹೋದ್ಲು.”

ಆಂಟಿ ನನ್ನ ಮುಂದೆ ಟೀ ಇಟ್ಟರು.

“ಪ್ರಸ್ಥಾನ ಅಂದ್ರೆ ನಂಗೆ ಗೊತ್ತಿಲ್ವೇನಮ್ಮ? ನಮ್ಮಜ್ಜಿ ಮನೆ ಪಕ್ಕದ ಬೀದೀನೇ ಅಗ್ರಹಾರ. ಅಗ್ರಹಾರದೋರು ಕಾಶಿಗೆ ಹೋಗ್ಲಿ, ಬೆಂಗಳೂರಿಗೆ ಹೋಗ್ಲಿ, ಚೀಲ ನಮ್ಮನೆ ಮೂಲೇಲೇ ಇರ್ತಿತ್ತು. ಮಕ್ಕಳು ಅದನ್ನ ಮುಟ್ಟಿದ್ರೆ ಅಜ್ಜಿ ಬೆತ್ತ ತಗೋತಿದ್ರು.”

“ಮತ್ತೆ?”

“ಅದರ ಹಿಂದಿನ ದಿನ, ಸೋಮವಾರ, ಅಮ್ಮ ಮೊಸರನ್ನ ತಂದಿದ್ರಲ್ಲ, ಆವಾಗ ಹೇಳಿದ್ರು. ‘ನಾನು ಹೋಗಲ್ಲ ಅಂದ್ರೆ ದೊಡ್ಡವಳಿಗಿಂತ ಚಿಕ್ಕವಳೇ ಹೆಚ್ಚು ಅಂದಂಗಾಗುತ್ತೆ. ಈ ಮನೆ ಹಿಂಗಿರೋವಾಗ ಹೋಗೋದಕ್ಕೂ ನನ್ನ ಕೈಲಾಗಲ್ಲ. ನಾಳೆ ನೀನೇ ಗೊತ್ತಿಲ್ಲದೋಳ ಥರ ಚೀಲ ತಂದು ಒಳಗಿಟ್ಬಿಡು ತಾಯಿ’ ಅಂತ. ನಾನು ಇಲ್ಲ ಅನ್ನಕ್ಕಾಗುತ್ತಾ?”

ನನಗೆ ಆ ಬೆಳಿಗ್ಗೆ ನೆನೆಹಾಕಿದ್ದ ಉದ್ದಿನಬೇಳೆ ನೆನಪಾಯಿತು. ಅದನ್ನು ರುಬ್ಬಿದವಳೂ ಅಮ್ಮನೇ, ಮರುದಿನ ಇಡ್ಲಿ ಬೇಯಿಸಿದವಳೂ ಅವಳೇ.

“ಅಕ್ಕ ನಿಮ್ಮನ್ನೇ ಬೈಕೊಂಡು ಓಡಾಡ್ತಿದಾಳೆ ಆಂಟಿ. ನಾನು ಹೇಳ್ಬಿಡ್ತೀನಿ.”

“ಬೇಡ ಬೇಡ. ಇರ್ಲಿ ಬಿಡು, ನನ್ನ ತಲೆ ಮೇಲೇ ಇರ್ಲಿ. ಅವ್ರ ಅಮ್ಮನ ಮೇಲೆ ಬರೋದ್ಬೇಡ.”

ಅಮ್ಮ ಇರುವವರೆಗೂ ನಾನು ಬಾಯಿ ಬಿಡಲಿಲ್ಲ. ಆ ಬೇಸಿಗೆಯ ವಿಮಾನ ಮತ್ತೆ ಬರಲಿಲ್ಲ. ಅಮ್ಮ ಮಾತ್ರ ಆಮೇಲೂ ಬೇಸಿಗೆಗೆ ನನ್ನಲ್ಲಿಗೆ, ಚಳಿಗಾಲಕ್ಕೆ ಅಕ್ಕನಲ್ಲಿಗೆ ಆ ಕುರ್ಚಿಯಲ್ಲೇ ಕೂತು ಓಡಾಡಿದಳು. ಅವಳು ತೀರಿಕೊಂಡ ಮೇಲೆ, ಅಕ್ಕನ ಮನೆಯಲ್ಲಿ ಅವಳ ಸೀರೆಗಳನ್ನು ಮಡಿಸುತ್ತಾ ಕೂತಾಗ ಆ ಕೆಂಪು ಚೀಲ ಕೈಗೆ ಸಿಕ್ಕಿತು. ಆಂಟಿಯ ಮೇಲಿನ ಅಪವಾದವಾದರೂ ಹೋಗಲಿ ಎಂದು ಎಲ್ಲವನ್ನೂ ಅಕ್ಕನಿಗೆ ಹೇಳಿದೆ.

ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ.

“ನಂಗೆ ಯಾವಾಗಲೋ ಗೊತ್ತು ಕಣೇ. ಮೊದಲನೇ ಸಲ ವೀಲ್‌ಚೇರಲ್ಲಿ ಬಂದ್ಲಲ್ಲ, ಅವತ್ತೇ. ಸಾಯ್ತೀನಿ ಅಂದ್ರೂ ಅದರಲ್ಲಿ ಕೂರದೋಳು ಕೂತು ಬಂದಿದಾಳೆ, ತಲೆ ಎತ್ತಿ ನನ್ನ ನೋಡ್ತಿಲ್ಲ. ಏನೋ ನನ್ನ ಹತ್ರ ತಪ್ಪಾಯ್ತು ಅಂತಿದಾಳೆ ಅನ್ನಿಸ್ತು. ಆ ಚೀಲ ತಾನಾಗಿ ಒಳಗೆ ಬಂದಿದ್ದಲ್ಲ ಅಂತ ಆಗ್ಲೇ ತಿಳೀತು.”

“ಮತ್ತೆ ಇಷ್ಟು ವರ್ಷ ಆಂಟೀನ ಬೈತಾ ಇದ್ಯಲ್ಲೇ?”

“ಅಮ್ಮ ಕೇಳಿಸ್ಕೋತಿದ್ಲಲ್ಲ. ನಾನು ನಂಬಿದೀನಿ ಅಂತ ಅವಳಿಗೆ ಸಮಾಧಾನ ಆಗ್ಲಿ ಅಂತ.” ಅಕ್ಕ ಕೊನೆಯ ಸೀರೆಯನ್ನು ಆ ಚೀಲದೊಳಗಿಟ್ಟು ಕಣ್ಣೊರೆಸಿಕೊಂಡಳು. “ಆ ಆಂಟಿ ಫೋನ್ ನಂಬರ್ ಕೊಡು.”