ಸದ್ದಿಲ್ಲದ ರಿಪೇರಿ

ನೆರೂಳಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕೆಳಗಿನ ಮನೆಯ ಯಜಮಾನರು ಉಡುಪಿ ಕಡೆಯವರು. ಹಲವರು ಸ್ವಲ್ಪ ಸ್ವಲ್ಪ ಹಾಕಿ ಒಬ್ಬರ ಸಾಲ ತುಂಬಿಸುವ ಫೋನಿನ ಆಪ್ ಮೂಲಕ ಗುರುತಿಲ್ಲದವರಿಗೆ ಐದೈದು ಸಾವಿರ ಕೊಡುತ್ತಿದ್ದ ಅವರು ಹಾಲಿನವನನ್ನು ಮಾತ್ರ ನಂಬುತ್ತಿರಲಿಲ್ಲ. ರಬಾಳೆಗೆ ಹೋಗುವ ಲೋಕಲ್ ಟ್ರೇನ್‌ನಲ್ಲಿ ನನ್ನ ಪಕ್ಕ ಕುಳಿತು, ಕನ್ನಡಕ ಹಣೆಗೇರಿಸಿ, ಸಾಲ ಕೇಳಿದವರ ವಿವರ ಓದುವುದು ಅವರ ರೂಢಿ. ಆಪ್‌ನಲ್ಲಿ ಹೆಸರಿರುತ್ತಿರಲಿಲ್ಲ, ಊರು, ವಯಸ್ಸು, ಕೆಲಸ, ಕಾರಣ ಅಷ್ಟೇ.

“ಭಿವಂಡಿಯವ. ತಂಗಿಯ ಮದುವೆಯಂತೆ. ಆಷಾಢದಲ್ಲಿ ಎಂಥ ಮದುವೆ ಮಾರಾಯ್ರೆ? ಇದರಲ್ಲಿ ಏನೋ ಉಂಟು.”

ತಿಂಗಳ ಬಡ್ಡಿ ಸರಿಯಾಗಿ ಬಂದರೂ ಅವರದು ಅದೇ ಮಾತು: “ಇದರಲ್ಲಿ ಏನೋ ಉಂಟು.”

ಒಂದು ಬೆಳಿಗ್ಗೆ ಓದಿದರು: “ನೆರೂಳು. ನಲವತ್ತೊಂದು ವರ್ಷ. ಫ್ಯಾಕ್ಟರಿ ಸೂಪರ್‌ವೈಸರ್. ಮನೆ ರಿಪೇರಿ.”

ಅದು ನಾನೇ. ಹೆಂಡತಿಯ ಆಪರೇಷನ್ ಎಂದು ಬರೆದರೆ ಯಾರೂ ಕೊಡಲಾರರೆಂದು ಹಾಗೆ ಬರೆದಿದ್ದೆ. ಕಿಟಕಿಯತ್ತ ತಿರುಗಿದೆ.

“ರಿಪೇರಿಯಂತೆ. ಒಂದು ಸುತ್ತಿಗೆಯ ಶಬ್ದವೂ ಕೇಳುವುದಿಲ್ಲವಲ್ಲ,” ಎಂದರು. ನನ್ನ ಮುಖ ನೋಡಲಿಲ್ಲ.

ಮರುದಿನ ಸಾಲ ಪೂರ್ತಿ ಸಿಕ್ಕಿತು. ಸಂಜೆ ಅವರು ಸುತ್ತಿಗೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

“ಬೇಕಾದೀತು. ಇಟ್ಟುಕೊಳ್ಳಿ.”

ಆಮೇಲೆ ಅವರು ಆ ಮಾತೆತ್ತಲಿಲ್ಲ. ಎರಡು ವರ್ಷ ಸುತ್ತಿಗೆ ನಮ್ಮ ಅಟ್ಟದ ಮೇಲಿತ್ತು. ಅವರಿಗೆ ಗೊತ್ತಿದೆಯೋ ಇಲ್ಲವೋ ಎಂದು ಲೋಕಲ್‌ನಲ್ಲಿ ದಿನವೂ ನಾನು ಅವರನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ.

ಕೊನೆಯ ಕಂತು ಕಟ್ಟಿದ ಮರುದಿನ ಬೆಲ್ ಆಯಿತು. ಬಾಗಿಲು ತೆರೆದರೆ ಅವರು, ಕೈ ಚಾಚಿಕೊಂಡೇ ನಿಂತಿದ್ದರು.

“ರಿಪೇರಿ ಮುಗೀತಲ್ಲ. ನನ್ನ ಸುತ್ತಿಗೆ ಕೊಡಿ.”