ಮೆಟ್ಟಿಲು ಹತ್ತಿ ಬಂದ ಬಾಡಿಗೆ

ಈ ವಿಷಯವನ್ನು ನಿಮಗೆ ಹೇಳದೆ ಬಹಳ ದಿನಗಳಿಂದ ತಪ್ಪಿಸಿಕೊಳ್ಳುತ್ತ ಬಂದಿದ್ದೇನೆ. ಹೇಳಿಯೇ ಬಿಡೋಣ ಎಂದು ಪೆನ್ನು ಹಿಡಿದಾಗಲೆಲ್ಲ ಬೇರೆ ಏನೋ ಬರೆದು ಪತ್ರಿಕೆಗೆ ಕಳಿಸಿದ್ದೇನೆ. ನಾನಿರುವ ಗೋವಾದ ವಾಸ್ಕೋದ ಸೊಳ್ಳೆಗಳ ಬಗ್ಗೆ ಬರೆದೆ. ಗಡಿಯ ಮೊಲೆಂ ತಪಾಸಣೆ ನಾಕೆಯಲ್ಲಿ ನನ್ನ ಅವಲಕ್ಕಿ ಗಂಟು ಬಿಚ್ಚಿಸಿದ ಪೊಲೀಸಪ್ಪನ ಬಗ್ಗೆ ಬರೆದೆ. ನನ್ನ ಹಲ್ಲಿನ ಸೆಟ್ಟಿನ ಬಗ್ಗೆಯಂತೂ ಎರಡು ಸಲ ಬರೆದೆ. (ಎರಡನೆಯ ಸಲ ಯಾರೂ ನಗಲಿಲ್ಲ ಎಂದು ಕೇಳಿಬಂತು.)

ಆದರೆ ಹೋದ ಭಾನುವಾರದಿಂದ ಹಲ್ಲು, ಸೊಳ್ಳೆ ಯಾವುದೂ ಕೈಗೆ ಹತ್ತುತ್ತಿಲ್ಲ.

ಅದಕ್ಕೆ ಎರಡು ದಿನ ಮೊದಲು ನಮ್ಮ ಮಂಗೋರ್ ಹಿಲ್‌ನ ಕೆಳಗಿನ ಓಣಿಯವರು ನನ್ನ ಕಿರಾಣಿ ಅಂಗಡಿಗೆ ಬಂದರು. ಮುಂದಾಳು ಬಸವರಾಜ. ವೆಲ್ಡಿಂಗ್ ಕೆಲಸದವನು. ಸ್ವಂತ ಮನೆ ಇದೆ, ಮನೆಯ ಹಿಂದೆ ಬಾಡಿಗೆಗೆ ಕೊಟ್ಟ ಖೋಲಿಗಳಿವೆ.

"ಅಜ್ಜಾರ, ನಮ್ಮ ಓಣಿಗೂ ಗಟಾರ, ಪಾವಟಿಗಿ ಮಾಡಾಕತ್ತೇವಿ. ಐತವಾರ ಶುರು. ನೀವ ಬಂದು ಕಾಯಿ ಒಡೀಬೇಕು."

"ನಾನ್ಯಾಕೋ? ಯಾರರ ದೊಡ್ಡವರನ್ನ ಕರೀರಿ."

"ದೊಡ್ಡವರು ಕಾಯಿ ಒಡದು, ಚಾ ಕುಡದು ಹೋಗ್ತಾರ್ರೀ. ನೀವು ಕೆಲಸಾ ಮಾಡಿಸಿದವರು. ಈ ಗುಡ್ಡದಾಗ ಡೆವಲಪ್‌ಮೆಂಟ್ ಅಂದ್ರ ನಿಮ್ಮ ಹೆಸರ ಬರೂದು."

ಡೆವಲಪ್‌ಮೆಂಟ್! ಆ ಮಾತು ಕೇಳಿ ಎದೆ ಉಬ್ಬಿತು. ಈ ವಯಸ್ಸಿನಲ್ಲಿ ಉಬ್ಬುವುದಕ್ಕೆ ಹೊಟ್ಟೆ ಬಿಟ್ಟರೆ ಬೇರೆ ಏನಿದೆ? ತಕ್ಷಣ ಒಪ್ಪಿಕೊಂಡೆ. ಅವರು ಹೋದ ಮೇಲೆ ಅಂಗಡಿಯ ಪಕ್ಕದ ನಮ್ಮ ಓಣಿಯ ಪಾವಟಿಗಿಗಳನ್ನು, ಅಂದರೆ ಮೆಟ್ಟಿಲುಗಳನ್ನು, ನೋಡಿದೆ. ಉಬ್ಬಿದ ಎದೆ ಇಳಿಯಿತು.

ಆ ಮೆಟ್ಟಿಲುಗಳ ಕಥೆ ಹೀಗಿದೆ.

ಗೋವಾ ಇನ್ನೂ ರಾಜ್ಯವಾಗಿರಲಿಲ್ಲ. ಆಗ ನಮ್ಮ ಓಣಿಗೆ ಮೆಟ್ಟಿಲೂ ಇರಲಿಲ್ಲ, ನಲ್ಲಿಯೂ ಇರಲಿಲ್ಲ. ಮಳೆಗಾಲ ಬಂತೆಂದರೆ ಕೆಂಪು ಮಣ್ಣು ಜಾರುಬಂಡಿ. ಮೇಲಿನಿಂದ ಹೊರಟವನು ಕೆಳಗೆ ತಲುಪುವುದು ಖಂಡಿತ, ಕಾಲ ಮೇಲೆಯೋ ಬೆನ್ನ ಮೇಲೆಯೋ ಎಂಬುದಷ್ಟೇ ಪ್ರಶ್ನೆ. ಓಣಿಯ ಹಿರಿಯರು ಸೇರಿ ಒಂದು ಸುಧಾರಣಾ ಸಮಿತಿ ಮಾಡಿದರು. ಅಧ್ಯಕ್ಷ ನಾನು. ಯಾಕೆ? ಮ್ಯಾಟ್ರಿಕ್ ಪಾಸಾಗಿದ್ದೆ. ಮೇಲಾಗಿ ಇಡೀ ಓಣಿಯಲ್ಲಿ ಕೈಯಿರುವ ಕುರ್ಚಿ ಇದ್ದದ್ದು ನನ್ನ ಅಂಗಡಿಯಲ್ಲಿ ಮಾತ್ರ.

ಸಿಮೆಂಟಿಗೆ ಮನೆ ಮಾಲೀಕರು ವರ್ಗಣಿ ಹಾಕಿ ಹಣ ಕೂಡಿಸಿದೆವು. ಆದರೆ ಕಲ್ಲು ಹೊರುವವರು ಯಾರು? ಅಲ್ಲಿ ನನ್ನ ಮ್ಯಾಟ್ರಿಕ್ ತಲೆ ಓಡಿತು. ನಮ್ಮ ಊರ ಕಡೆಯ ಮುಯ್ಯಾಳಿನ ಪದ್ಧತಿ ಎಲ್ಲರಿಗೂ ಗೊತ್ತಿತ್ತು. ಇಂದು ನಿನ್ನ ಹೊಲಕ್ಕೆ ನಾನು ದುಡಿಯಲು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬರಬೇಕು. ಕೂಲಿ ಇಲ್ಲ, ಆದರೆ ಮುಯ್ಯಿ ತೀರಿಸದವನನ್ನು ಊರು ಮನುಷ್ಯ ಎಂದು ಎಣಿಸುವುದಿಲ್ಲ. "ಪ್ರತಿ ಭಾನುವಾರ ಮನೆಗೊಬ್ಬರು ಮುಯ್ಯಿಗೆ ಬರ್ರಿ" ಎಂದು ಸಾರಿದೆ. ವಿಜಾಪುರದವರು, ಬಾಗಲಕೋಟೆಯವರು, ಬಂದರಿನಲ್ಲಿ ವಾರವೆಲ್ಲ ಮೂಟೆ ಹೊತ್ತವರು, ರಜೆಯ ದಿನ ಬಂದು ನಮ್ಮ ಕಲ್ಲು ಹೊತ್ತರು.

ಅವರಲ್ಲಿ ಬಹುಪಾಲು ಜನರಿಗೆ ಸ್ವಂತ ಮನೆ ಇರಲಿಲ್ಲ. ನಮ್ಮ ಖೋಲಿಗಳ ಬಾಡಿಗೆದಾರರು. ಅಂದರೆ, ಹೊಲ ನಮ್ಮದು, ಆಳು ಅವರು. ಮುಯ್ಯಿ ತೀರಿಸಲು ನಾವು ಹೋಗಬೇಕಾದ ಹೊಲ ಎಲ್ಲಿತ್ತು? ಈ ಲೆಕ್ಕ ನಮಗ್ಯಾರಿಗೂ ಹೊಳೆಯಲಿಲ್ಲ.

ಒಬ್ಬಳಿಗೆ ಹೊಳೆಯಿತು.

ನನ್ನ ಸಾಲಿನ ಕೊನೆಯ ಖೋಲಿಯಲ್ಲಿದ್ದವಳು. ಜೋಳದ ರೊಟ್ಟಿ ಬಡಿದು ಬಂದರಿನ ಹಮಾಲರಿಗೆ ಮಾರಿ ಬದುಕುತ್ತಿದ್ದಳು. ಓಣಿಗೆಲ್ಲ ರೊಟ್ಟಿ ಅಕ್ಕ. ಕೆಲಸ ಶುರುವಾಗುವ ಮೊದಲು ಸೇರಿದ ಸಮಿತಿಯ ಸಭೆಗೆ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

"ಸಾವ್ಕಾರ್ರ, ಕಲ್ಲ ಹೊರತೀವಿ, ಇಲ್ಲ ಅನ್ನೂದಿಲ್ಲ. ಆದ್ರ ನಮ್ಮ ಮುಯ್ಯಿ ಹೆಂಗ ತೀರಸ್ತೀರಿ ಅದನ್ನ ಹೇಳ್ರಿ."

"ನಿನಗೇನ ಬೇಕ ತಂಗಿ?"

"ಓಣಿ ಚಲೋ ಆದ ಮ್ಯಾಲ ಬಾಡಗಿ ಏರಸಬ್ಯಾಡ್ರಿ. ಹೊತ್ತವರನ್ನ ಎಬ್ಬಸಬ್ಯಾಡ್ರಿ. ನಾವು ಕಟ್ಟಿದ ಪಾವಟಿಗಿ ಮ್ಯಾಲ ನಾವೂ ನಾಕ ದಿನ ಅಡ್ಡಾಡೂಣು. ಅಷ್ಟ."

ಗಂಡಸರೆಲ್ಲ ನಕ್ಕರು. ಇನ್ನೂ ಒಂದು ಕಲ್ಲು ಬಿದ್ದಿಲ್ಲ, ಈಕೆ ಆಗಲೇ ಬಾಡಿಗೆ ಏರುವ ಚಿಂತೆಯಲ್ಲಿದ್ದಾಳೆ! ಅಧ್ಯಕ್ಷರು, ಅಂದರೆ ನಾನು, ಕೈಯಿರುವ ಕುರ್ಚಿಯಲ್ಲಿ ಒರಗಿ ತೀರ್ಪು ಕೊಟ್ಟೆ: "ಮೊದ್ಲ ಪಾವಟಿಗಿ ಆಗ್ಲಿ, ಆಮ್ಯಾಲ ನೋಡೂಣು."

ಪಾವಟಿಗಿ ಆಯಿತು. ಹಿಂದೆಯೇ ನಲ್ಲಿ ಬಂತು, ಬೀದಿ ದೀಪ ಬಂತು. ನನ್ನ ಕೊರಳಿಗೆ ಚೆಂಡುಹೂವಿನ ಹಾರವೂ ಬಂತು. ಆಮೇಲೆ ಒಂದು ದಿನ ಒಬ್ಬ ಗುಮಾಸ್ತರು ಬಂದರು. ಇಸ್ತ್ರಿ ಮಾಡಿದ ಶರ್ಟು. ಮೆಟ್ಟಿಲು ನೋಡಿದರು, ನಲ್ಲಿ ತಿರುಗಿಸಿ ನೋಡಿದರು, "ಖೋಲಿ ಸಿಗ್ತದೇನ್ರಿ?" ಎಂದರು. ನಾನು ಕೇಳದಿದ್ದರೂ ಬಾಯಿ ತುಂಬ ಬಾಡಿಗೆ ಹೇಳಿದರು.

ಅಲ್ಲಿಯತನಕ ರೊಟ್ಟಿ ಅಕ್ಕನ ಒಲೆಯ ಹೊಗೆ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಗುಮಾಸ್ತರು ಬಂದು ಹೋದ ಮರುದಿನದಿಂದ ನನ್ನ ಕಣ್ಣು ಉರಿಯತೊಡಗಿತು. (ಆ ಹೊಗೆಯಲ್ಲಿ ಬೆಂದ ರೊಟ್ಟಿಯನ್ನೇ ನಾನು ದಿನಾ ತಿನ್ನುತ್ತಿದ್ದೆ. ಹೊಟ್ಟೆಗೆ ಉರಿ ಇರಲಿಲ್ಲ.)

ನಾನು ಅವಳನ್ನು ಹೊರಗೆ ಹಾಕಲಿಲ್ಲ, ತಿಳಿಯಿರಿ. ನನ್ನಂಥ ಸಭ್ಯರು ಯಾರನ್ನೂ ಹೊರಗೆ ಹಾಕುವುದಿಲ್ಲ. ಹೊಗೆಯ ಮಾತೆತ್ತುತ್ತೇವೆ. ಹೊಸ ಬಾಡಿಗೆ ಎಷ್ಟು ಎಂದು ಮೆಲ್ಲಗೆ ತಿಳಿಸುತ್ತೇವೆ. ಉಳಿದದ್ದು ಅವರಿಗೇ ಅರ್ಥವಾಗುತ್ತದೆ.

ಅವಳಿಗೂ ಆಯಿತು. ಗುಮಾಸ್ತರ ಕಬ್ಬಿಣದ ಕಪಾಟು ಮೆಟ್ಟಿಲು ಹತ್ತುವಾಗ, ರೊಟ್ಟಿಯ ಹಂಚು ಅದೇ ಮೆಟ್ಟಿಲು ಇಳಿಯಿತು. ಹಂಚನ್ನು ತಲೆಯ ಮೇಲಿಟ್ಟುಕೊಂಡಿದ್ದ ಆಕೆ ಗೋಡೆಗೆ ಒತ್ತಿ ನಿಂತು ಕಪಾಟಿಗೆ ದಾರಿ ಬಿಟ್ಟಳು. ನಾನು ಅಂಗಡಿಯೊಳಗೆ ಬೆಲ್ಲ ತೂಗುತ್ತಿದ್ದೆ. ಗಿರಾಕಿ ಯಾರೂ ಇರಲಿಲ್ಲ, ಆದರೂ ತೂಗುತ್ತಿದ್ದೆ.

ಅಧ್ಯಕ್ಷರೇ ಹೀಗೆ ಮಾಡಿದ ಮೇಲೆ ಉಳಿದ ಮಾಲೀಕರು ಕೈಕಟ್ಟಿ ಕೂರುತ್ತಾರೆಯೇ? ಒಂದು ವರ್ಷದೊಳಗೆ ಕಲ್ಲು ಹೊತ್ತವರಲ್ಲಿ ಹೆಚ್ಚಿನವರು ಸಮುದ್ರದಂಡೆಯ ಬಾಯ್ನಾದ ಜೋಪಡಿಗಳಿಗೆ ಇಳಿದರು. ಓಣಿ ಥಳಥಳ. ಆದರೆ ಇಸ್ತ್ರಿ ಶರ್ಟಿನವರು ಕಿರಾಣಿಯನ್ನು ವಾಸ್ಕೋ ಪೇಟೆಯಿಂದ ತರುತ್ತಿದ್ದರು. ನನ್ನಲ್ಲಿಗೆ ಬರುತ್ತಿದ್ದದ್ದು ಬೆಂಕಿಪೊಟ್ಟಣಕ್ಕೆ ಮಾತ್ರ. ನನ್ನ ಜೋಳದ ಚೀಲಕ್ಕೆ ನುಸಿ ಹತ್ತಿತು. ಓಣಿ ಉದ್ಧಾರವಾಯಿತು ಎಂದು ಭಾಷಣ ಮಾಡಿದವನ ಅಂಗಡಿಯಲ್ಲಿ ನೊಣ ಹಾರಿಸುವ ಕೆಲಸ ಶುರುವಾಯಿತು.

ಕೆಲವು ವರ್ಷಗಳ ನಂತರ ಬಾಯ್ನಾ ಕಡೆ ಹೋಗಿದ್ದೆ. ಎದುರಿಗೆ ತಲೆಯ ಮೇಲೆ ರೊಟ್ಟಿ ಬುಟ್ಟಿ ಹೊತ್ತು ಆಕೆ ಬರುತ್ತಿದ್ದಾಳೆ. ಏನು ಮಾಡಲಿ? ಸಟಕ್ಕನೆ ಮೀನು ಮಾರುವವರ ಸಾಲಿಗೆ ನುಗ್ಗಿದೆ. "ಕಿತೆಂ ಜಾಯ್ ಬಾಬ್?" ಎಂದಳು ಮೀನಿನವಳು, ಏನು ಬೇಕೆಂದು. ಗಾಬರಿಯಲ್ಲಿ ಕೈ ತೋರಿಸಿದೆ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬಂಗಡೆ ಮೀನು. ನಮ್ಮ ಮನೆತನದಲ್ಲಿ ಮೀನು ಮುಟ್ಟಿದ ಮೊದಲಿಗ ನಾನೇ ಇರಬೇಕು.

ಬೆನ್ನ ಹಿಂದೆ ಗುರುತಿನ ದನಿ: "ಸಾವ್ಕಾರ್ರ, ಮೀನ ತಿನ್ನಾಕ ಯಾವಾಗ ಶುರು ಮಾಡಿದ್ರಿ?"

"ನಮ್ಮ... ನಮ್ಮ ನೆರಿಯವರಿಗೆ ತಂಗಿ."

ಆಕೆ ನಕ್ಕಳು. ನಗುವಿನಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. "ಪಾವಟಿಗಿ ಗಟ್ಟಿ ಅದಾವ್ರಿ ಇನ್ನೂ?" ಎಂದು ಕೇಳಿದಳು. ಮಗಳನ್ನು ಕೊಟ್ಟ ಮನೆಯ ಸುದ್ದಿ ಕೇಳುವವರ ಹಾಗೆ. ನಾನು ತಲೆ ಆಡಿಸಿ, ಬಂಗಡೆ ಹಿಡಿದುಕೊಂಡು ಓಡಿದೆ. ತಪ್ಪಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕಿತ್ತೇ? ಮೀನನ್ನು ಬೀದಿಬೆಕ್ಕೊಂದು ತಿಂದಿತು. ಕ್ಷಮೆಯ ಮಾತನ್ನು ನಾನು ನುಂಗಿದೆ. ಮುಂದಿನ ಸಲ ಹೋದಾಗ ಆಕೆ ಅಲ್ಲಿಂದಲೂ ಎದ್ದು ಹೋಗಿದ್ದಳು. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಈಗ ಭಾನುವಾರಕ್ಕೆ ಬರುತ್ತೇನೆ.

ಕೆಳಗಿನ ಓಣಿ. ಕಲ್ಲಿಗೆ ಪೂಜೆ, ತಟ್ಟೆಯಲ್ಲಿ ದೇವರ ಅರಿಶಿನದ ಭಂಡಾರ, ಹಿಂದೆ ಬುಟ್ಟಿ ಹಿಡಿದು ನಿಂತ ಬಾಡಿಗೆದಾರರು. ಅದೇ ಮೂಟೆ ಹೊತ್ತ ಹೆಗಲುಗಳು, ಮುಖಗಳು ಮಾತ್ರ ಬೇರೆ. ಕಾಯಿ ನನ್ನ ಕೈಗೆ ಕೊಟ್ಟರು. ಕೈ ಏಳಲಿಲ್ಲ.

"ಬಸವರಾಜ, ಈ ಕಲ್ಲ ಹೊರಾವರ ಮುಯ್ಯಿ ಹೆಂಗ ತೀರಸ್ತೀರಿ? ಬಾಡಗಿ ಏರಸೂದಿಲ್ಲ, ಎಬ್ಬಸೂದಿಲ್ಲ ಅಂತ ಮಾತ ಕೊಡ್ರಿ."

ಅವನು ನಕ್ಕ. "ಮೊದ್ಲ ಗಟಾರ ಆಗ್ಲಿ ಅಜ್ಜಾರ, ಆಮ್ಯಾಲ ನೋಡೂಣು."

ನನ್ನದೇ ಮಾತು! ಇಷ್ಟು ವರ್ಷ ಈ ಗುಡ್ಡದಲ್ಲೇ ಎಲ್ಲೋ ಅಲೆದಾಡಿ, ನನ್ನ ವಿಳಾಸ ಹುಡುಕಿಕೊಂಡು ಬಂದಿತ್ತು.

ಕಾಯಿ ಕೆಳಗಿಟ್ಟೆ. ನಿಮಗೆ ಈಗ ಹೇಳಿದ ಕಥೆಯನ್ನು ಅವರ ಮುಂದೆ ಹೇಳಿದೆ. ಬಂಗಡೆಯನ್ನೂ ಬಿಡಲಿಲ್ಲ. ಆಮೇಲೆ ತಟ್ಟೆ ಎಳೆದುಕೊಂಡು, ನನ್ನ ಖೋಲಿಗಳ ಮಟ್ಟಿಗೆ ನಾನೇ ಮೊದಲು ಭಂಡಾರ ಮುಟ್ಟಿದೆ. "ಇನ್ನ ನೀವು ಬರ್ರಿ" ಎಂದೆ. ಭಂಡಾರ ಮುಟ್ಟಿ ಕೊಟ್ಟ ಮಾತಿಗೆ ನಮ್ಮವರು ಸ್ಟ್ಯಾಂಪ್ ಪೇಪರಿಗಿಂತ ಹೆಚ್ಚು ಹೆದರುತ್ತಾರೆ.

ಒಬ್ಬ ಮಾಲೀಕ ಗೊಣಗಿದ: "ಅಜ್ಜಾರು ತಾವು ಹೊಟ್ಟಿ ತುಂಬ ಉಂಡು ಮಂದಿಗೆ ಉಪಾಸ ಹೇಳಾಕತ್ತಾರ." ಖರೇ ಮಾತು. ಉಂಡವನಿಗೇ ಅಲ್ಲವೇ ಅಜೀರ್ಣ ಗೊತ್ತು?

ಇಬ್ಬರು ಚಹಾದ ನೆಪದಲ್ಲಿ ಜಾರಿಕೊಂಡರು. ಬಸವರಾಜ ತಲೆ ಕೆರೆದುಕೊಂಡ. "ಎಷ್ಟ ವರ್ಷಾರೀ ಈ ಮಾತು?" ಎಂದು ಚೌಕಾಸಿಗೆ ಇಳಿದ. "ಪಾವಟಿಗಿ ಗಟ್ಟಿ ಇರೂ ತನಕ" ಎಂದು ಹಿಂದಿನಿಂದ ಯಾರೋ ಕೂಗಿದರು. ಬುಟ್ಟಿಯವರೆಲ್ಲ ನಕ್ಕರು. ಆದರೆ ಯಾರೂ ಬುಟ್ಟಿ ಎತ್ತಲಿಲ್ಲ. ಬಸವರಾಜ ಅವರನ್ನು ನೋಡಿದ, ಕಲ್ಲಿನ ರಾಶಿ ನೋಡಿದ, ಕೊನೆಗೆ ಭಂಡಾರಕ್ಕೆ ಕೈ ಇಟ್ಟ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಇಟ್ಟರು. ಚಹಾಕ್ಕೆ ಹೋದವರು ಇನ್ನೂ ಬಂದಿಲ್ಲ. ಬರುತ್ತಾರೆ, ಮನೆ ಅಲ್ಲೇ ಇದೆಯಲ್ಲ!

ಕಾಯಿ ಒಡೆದೆ. ಎಲ್ಲ ಮುಗಿಯಿತು ಎಂದುಕೊಂಡೆ. ಆಗ ಬುಟ್ಟಿ ಹಿಡಿದ ಹೆಣ್ಣುಮಗಳೊಬ್ಬಳು ಕೇಳಿದಳು: "ಅಜ್ಜಾರ, ಆ ರೊಟ್ಟಿ ಅಕ್ಕನ ಹೆಸರೇನ್ರೀ?"

ಹೆಸರು ಹೇಳಿದರೆ ಕಥೆ ಹೋಗಿ ಮನುಷ್ಯಳು ಎದುರಿಗೆ ಬಂದು ನಿಲ್ಲುತ್ತಾಳೆ. ಕ್ಷಮೆ ಕೇಳಬೇಕಾಗುತ್ತದೆ. "ವಯಸ್ಸಾತು ನೋಡವಾ, ಮರತೇ ಬಿಟ್ಟೇನಿ" ಎಂದೆ. ಭಂಡಾರ ಇನ್ನೂ ಬೆರಳಿಗೆ ಅಂಟಿಕೊಂಡೇ ಇತ್ತು.

ಮರೆತಿಲ್ಲ, ಹೆಸರು ಕೇಳಿದ ತಂಗಿ. ಆಕೆಯ ಹೆಸರು ನೀಲವ್ವ.