ಅತ್ತೆಯ ಹಣೆ, ಕಾಕಾನ ಮೀಸೆ

ನಮ್ಮ ಅತ್ತೆ ಗೌರಾಬಾಯಿಗೆ ತೂಕ, ಅಳತೆ ಎಂದರೆ ಆಗುವುದಿಲ್ಲ. ನಾನೋ ಪುಣೆಯ ಕೋಥರೂಡಿನ ಒಂದು ಶಾಲೆಯಲ್ಲಿ ಗಣಿತ ಕಲಿಸುವವಳು. ಹೀಗಾಗಿ ಮದುವೆಯಾಗಿ ಬಂದ ಮೊದಲ ವಾರದಲ್ಲೇ ನಮ್ಮಿಬ್ಬರ ನಡುವೆ ಜಟಾಪಟಿ ಶುರುವಾಯಿತು. ಶೇಂಗಾ ಹೋಳಿಗೆಗೆ ಬೆಲ್ಲ ಎಷ್ಟು ಹಾಕಲಿ ಎಂದು ಕೇಳಿದರೆ, ಕೈಗೆ ಗೊತ್ತಾಗುತ್ತದೆ ಎನ್ನುವರು. ಯಾರ ಕೈಗೆ ಎಂದು ಕೇಳಿದರೆ ಮುಖ ತಿರುಗಿಸುವರು. ಹದಿನಾರು ವರ್ಷ ಆಯಿತು, ನನ್ನ ಕೈಗೆ ಇನ್ನೂ ಏನೂ ಗೊತ್ತಾಗಿಲ್ಲ.

ಅತ್ತೆಯ ಕೈಗೆ ಗೊತ್ತಿದ್ದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಮೇಣ. ನಮ್ಮ ಇಂಡಿ ಕಡೆಯ ಹಳೆಯ ಹೆಂಗಸರು ಹಣೆಗೆ ಮೊದಲು ಮೇಣ ಸವರಿ, ಅದರ ಮೇಲೆ ಪುಡಿ ಕುಂಕುಮ ಒತ್ತುತ್ತಾರೆ. ಬೆವರಿಗೂ ಉದುರುವುದಿಲ್ಲ, ಸೆರಗು ತಾಗಿದರೂ ಅಳಿಸುವುದಿಲ್ಲ. ಅತ್ತೆ ಪುಣೆಗೆ ಬಂದು ಐವತ್ತು ವರ್ಷವಾಗುತ್ತ ಬಂದರೂ ಆ ಮೇಣವನ್ನು ಅಂಗಡಿಯಿಂದ ತಂದವರಲ್ಲ. ಮಾವ ಅಪ್ಪಾಸಾಹೇಬರು ಶಿರೂರಿನ ಸಂತೆಯಲ್ಲಿ ಜೇನು ಮಾರುವವನೊಬ್ಬನ ಹತ್ತಿರ ಜೇನುಮೇಣದ ಗಡ್ಡೆ ತರುತ್ತಿದ್ದರು. ಅತ್ತೆ ಅದನ್ನು ಕರಗಿಸಿ, ಸೋಸಿ, ಎಣ್ಣೆ ಬೆರೆಸಿ ಎರಡು ಹದ ಮಾಡುತ್ತಿದ್ದರು. ಗಟ್ಟಿಯದು ತಮ್ಮ ಹಣೆಗೆ, ಇನ್ನೆರಡು ಹನಿ ಎಣ್ಣೆ, ಒಂದಿಷ್ಟು ಲವಂಗದ ಪರಿಮಳ ಸೇರಿದ್ದು ಮಾವನ ಮೀಸೆಗೆ.

ಆ ಮೀಸೆಯನ್ನು ನೋಡಬೇಕಿತ್ತು ನೀವು. ಮಾವ ಭೋಸರಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಗುಮಾಸ್ತರು. ಆಳು ಕುಳ್ಳ, ದನಿ ಮೆಲ್ಲಗೆ. ಆದರೆ ಮೀಸೆಯ ಎರಡು ತುದಿ ಮಾತ್ರ ಮೂಗಿನ ಮಟ್ಟಕ್ಕೆ ಏರಿ ನಿಂತಿರುತ್ತಿದ್ದವು. ಬೆಳಿಗ್ಗೆ ಕಿಟಕಿಯ ಪಕ್ಕದ ಒಂದೇ ಕನ್ನಡಿಯ ಮುಂದೆ ಗಂಡ ಹೆಂಡತಿ ಇಬ್ಬರೂ ನಿಲ್ಲುತ್ತಿದ್ದರು. ಅವರು ಮೀಸೆ ತಿರುವಲು, ಇವರು ಕುಂಕುಮ ಹಚ್ಚಲು. ಸರಿಯಿರಿ, ಸರಿಯಿರಿ ಎಂದು ಒಬ್ಬರನ್ನೊಬ್ಬರು ಮೊಣಕೈಯಿಂದ ತಳ್ಳುವುದು ನಮಗೆ ದಿನದ ತಮಾಷೆ. ನನ್ನ ಗಂಡ ಸಂಜುಗೆ ಮೀಸೆಯೇ ಇಲ್ಲ, ದಿನಾ ಬೋಳಿಸಿಕೊಳ್ಳುತ್ತಾನೆ. ಅದಕ್ಕೆ ಮಾವ ಕೊನೆಯತನಕ ಅವನನ್ನು ಕ್ಷಮಿಸಲಿಲ್ಲ.

ಮೇಣದ ಇನ್ನೊಬ್ಬ ಗಿರಾಕಿ ಅವ್ವಣ್ಣ ಕಾಕಾ. ಮಾವನ ಕಾರ್ಖಾನೆಯಲ್ಲೇ ಲೇಥ್ ಮೇಲೆ ಕೆಲಸ ಮಾಡಿದವರು, ನಮ್ಮ ಕಡೆಯವರೇ. ಇಂದಿಗೂ ಪ್ರತಿ ಭಾನುವಾರ ಭೋಸರಿಯಿಂದ ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಚಹಾಕ್ಕೆ ಬರುತ್ತಾರೆ. ಅತ್ತೆ ಅವರಿಗೆ ವೈನಿ, ಅಂದರೆ ಅತ್ತಿಗೆ. ಗೆಳೆಯರಿಬ್ಬರೂ ಮೇಣವನ್ನು ತಂಬಾಕಿನ ಸುಣ್ಣ ಹಾಕಿಡುವ ಪುಟ್ಟ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಮ್ಮೆ ಕಾಕಾ ಡಬ್ಬಿ ಅದಲುಬದಲು ಮಾಡಿ, ಬಸ್ಸಿನಲ್ಲಿ ಮೀಸೆಗೆ ಸುಣ್ಣ ತಿಕ್ಕಿಕೊಂಡು ತುಟಿಯ ಮೇಲೆಲ್ಲ ಬೊಬ್ಬೆ ಎಬ್ಬಿಸಿಕೊಂಡಿದ್ದರು. ಮಾವ ಈ ಕಥೆಯನ್ನು ಬೀಗರ ಮುಂದೆ, ಡಾಕ್ಟರ ಮುಂದೆ, ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನ ಮುಂದೆಯೂ ಹೇಳಿದ್ದರು.

ಈ ಮೇಣದ ಹದ ನೋಡಲು ಅತ್ತೆಗೆ ಗೊತ್ತಿದ್ದ ದಾರಿ ಒಂದೇ. ಉಂಗುರ ಬೆರಳಲ್ಲಿ ಚೂರು ತೆಗೆದು ತಮ್ಮ ಹುಬ್ಬುಗಳ ನಡುವೆ ಸವರಿ, ಕುಂಕುಮ ಒತ್ತಿಕೊಳ್ಳುವುದು. ಸಂಜೆತನಕ ಅದು ಹಾಗೇ ನಿಂತರೆ ಮೇಣ ಪಾಸು. ಆಮೇಲೆಯೇ ಮೀಸೆಯ ಡಬ್ಬಿ ತುಂಬುವುದು. ಬೇಸಿಗೆಗೆ ಎಣ್ಣೆ ಕಡಿಮೆ, ಚಳಿಗೆ ಹೆಚ್ಚು. ಎಷ್ಟು ಎಂಬುದು ಅವರ ಹಣೆಗೆ ಮಾತ್ರ ತಿಳಿದಿತ್ತು.

ಮೂರೂವರೆ ವರ್ಷದ ಹಿಂದೆ ಮಾವ ತೀರಿಕೊಂಡರು. ಅತ್ತೆ ಕುಂಕುಮ ಬಿಟ್ಟರು, ಹಣೆಗೆ ವಿಭೂತಿಯಷ್ಟೇ ಉಳಿಯಿತು. ಬಿಡಿ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಬಿಡಬೇಡಿ ಎಂದೂ ಯಾರೂ ಹೇಳಲಿಲ್ಲ. ಎಲ್ಲದಕ್ಕೂ ಬಾಯಿ ಹಾಕುವ ನಾನು ಆ ಹೊತ್ತಿನಲ್ಲಿ ಸುಮ್ಮನಿದ್ದೆ, ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಮೇಣದ ಗಡ್ಡೆ, ಪಾತ್ರೆ, ಸೋಸುವ ಬಟ್ಟೆ ಎಲ್ಲ ಗಂಟು ಕಟ್ಟಿಸಿಕೊಂಡು ಅಟ್ಟ ಸೇರಿದವು.

ಅವ್ವಣ್ಣ ಕಾಕಾ ಕೊನೆಯ ಡಬ್ಬಿಯನ್ನು ಜೋಪಾನ ಮಾಡಿ, ಹಬ್ಬ ಹುಣ್ಣಿಮೆಗೆ ಮಾತ್ರ ಹಚ್ಚಿಕೊಂಡು, ಎರಡೂವರೆ ವರ್ಷ ಎಳೆದರು. ಆಮೇಲೆ ಅದೂ ಮುಗಿಯಿತು. ಮೀಸೆ ತುಟಿಯ ಮೇಲೆ ಜೋತು ಬಿತ್ತು. ಕಾಕಾ ಮಾತ್ರ ಒಂದು ದಿನವೂ ಬಾಯಿ ಬಿಟ್ಟು ಕೇಳಲಿಲ್ಲ. ಚಹಾ ಕುಡಿಯುತ್ತ ಖಾಲಿ ಡಬ್ಬಿಯನ್ನು ಅಂಗೈಯಲ್ಲಿ ತಿರುವುತ್ತ ಕೂತಿರುವರು, ಅತ್ತೆ ಬಂದ ಕೂಡಲೇ ಜೇಬಿಗೆ ಇಳಿಸುವರು. ಈ ಏಪ್ರಿಲ್‌ನಲ್ಲಿ ಒಂದು ಸುದ್ದಿ ತಂದರು. ಮೇ ಒಂದಕ್ಕೆ ನಿವೃತ್ತ ಕಾರ್ಮಿಕರ ಕೂಟ ಇದೆ, ಹಳಬನೆಂದು ತಮಗೆ ಶಾಲು ಹೊದಿಸುತ್ತಾರೆ ಎಂದರು. ಹೇಳುವಾಗ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು, ಹಾಗೇ ಕೆಳಗಿಳಿಯಿತು.

ಕಾಕಾ ಹೋದ ಮೇಲೆ ನಾನು ಅತ್ತೆಯನ್ನು ಕೇಳಿಯೇ ಬಿಟ್ಟೆ. ಅಟ್ಟದ ಮೇಲೆ ಗಡ್ಡೆ ಇದೆಯಲ್ಲ, ಒಂದು ಡಬ್ಬಿ ಮಾಡಿಕೊಟ್ಟರೆ ನಿಮ್ಮ ಗಂಟೇನು ಹೋಗುತ್ತದೆ ಎಂದೆ. ಅತ್ತೆ ಪಲ್ಯದ ಮೆಂತ್ಯೆ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಹಣಿಗಿ ಹಚ್ಚಿ ನೋಡಲಾರದ ಮೇಣ ಮಾಡಲಿಕ್ಕ ನನಗ ಬರಂಗಿಲ್ಲ, ಶೈಲಾ," ಎಂದರು. "ಈ ಹಣಿಗಿ ಇನ್ನ ಹಚ್ಚೂದು ಏನದ?"

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆಗಲಿಲ್ಲ. ಹಣೆ ಇಲ್ಲದಿದ್ದರೆ ತಕ್ಕಡಿ ಇದೆಯಲ್ಲ ಎಂಬ ಹುಮ್ಮಸ್ಸಿನಲ್ಲಿ ತುಳಶಿಬಾಗ್ ಪೇಟೆಯ ಅಂಗಡಿಯಿಂದ ಮೇಣ ತಂದೆ. ಅತ್ತೆ ಗುಡಿಗೆ ಹೋದ ಹೊತ್ತು ನೋಡಿ, ಮೊಬೈಲಿನಲ್ಲಿ ಯಾರದೋ ವಿಡಿಯೋ ಹಾಕಿಕೊಂಡು, ಗ್ರಾಂ ಲೆಕ್ಕದಲ್ಲಿ ಮೇಣ, ಕೊಬ್ಬರಿ ಎಣ್ಣೆ ಕರಗಿಸಿ ಬೆರೆಸಿದೆ. ಫ್ರಿಜ್ಜಿನಲ್ಲಿಟ್ಟಾಗ ನೋಡಲು ಬಹಳ ಚೆಂದ ಗಟ್ಟಿಯಾಯಿತು. ಮುಂದಿನ ಭಾನುವಾರ ಚಹಾ ಮುಗಿಸಿ ಹೊರಟ ಕಾಕಾನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಅವರ ಡಬ್ಬಿ ತುಂಬಿಕೊಟ್ಟೆ. ಮನೆಯದು, ಇಷ್ಟೇ ಹೇಳಿದೆ.

ಕಾಕಾ ನನ್ನನ್ನು ನೋಡಲಿಲ್ಲ. ನನ್ನ ಭುಜದಾಚೆ, ಬಾಗಿಲ ಕಡೆ ನೋಡಿದರು. "ವೈನಿ ಮಾಡಿದ್ರ?" ಎಂದು ಕೇಳಿದರು. ಅವರ ಕಣ್ಣಲ್ಲಿ ನೀರು ತುಂಬಿದ್ದು ಕಂಡು ನನಗೆ ಇಲ್ಲ ಎನ್ನಲು ಧೈರ್ಯ ಬರಲಿಲ್ಲ. ಕಾಕಾ ಡಬ್ಬಿಯನ್ನು ಹಣೆಗೆ ಮುಟ್ಟಿಸಿಕೊಂಡು ಇಳಿದು ಹೋದರು.

ಮೇ ಒಂದರ ಪುಣೆಯ ಬಿಸಿಲು ನನ್ನ ಗ್ರಾಂ ಲೆಕ್ಕವನ್ನು ಕೇಳಲಿಲ್ಲ. ಪೆಂಡಾಲಿನ ಕೆಳಗೆ ಶಾಲು ಹೊದಿಸುವ ಹೊತ್ತಿಗೆ ಕಾಕಾನ ಮೀಸೆ ಕರಗಿ, ಎಣ್ಣೆ ಗಲ್ಲದ ಮೇಲಿಂದ ಹರಿದು ಹೊಸ ಬಿಳಿ ಅಂಗಿಯ ಮೇಲೆ ಎರಡು ಗೆರೆ ಎಳೆದಿತ್ತು. ಆ ಹೊತ್ತಿನ ಫೋಟೋ ಸಂಜುನ ಮೊಬೈಲಿಗೆ ಬಂತು. ಅವನಿಗೆ ನನ್ನ ಕಾರುಬಾರು ಗೊತ್ತಿಲ್ಲ, ನಗುತ್ತ ಅತ್ತೆಗೆ ತೋರಿಸಿದ. ಅದರ ಮರುದಿನವೇ ಭಾನುವಾರ. ಕಾಕಾ ಯಥಾಪ್ರಕಾರ ಬಂದರು. ಮೇಣ ಫಸ್ಟ್ ಕ್ಲಾಸ್ ಇತ್ತು, ಬಿಸಿಲಿನದೇ ತಪ್ಪು ಎಂದು ಅತ್ತೆಯ ಮುಂದೆ ಹೊಗಳಿ, ಚಹಾ ಕುಡಿದು ಹೋದರು.

ಬಾಗಿಲು ಹಾಕಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನಾ ಹಚ್ಚಿ ನೋಡೀನಿ ಅಂತ ತಿಳಕೊಂಡು ಹಾಕ್ಕೊಂಡಾರ ಅವರು," ಎಂದಷ್ಟೇ ಹೇಳಿ ಒಳಗೆ ಹೋದರು. ಆ ವಾರವೆಲ್ಲ ನನ್ನೊಡನೆ ಮಾತಿಲ್ಲ. ನಾನು ಮಾಡಿದ ಚಹಾ ಕುಡಿಯುವರು, ಲೋಟ ತೊಳೆದು ತಾವೇ ಇಡುವರು. ಆ ಲೋಟದ ಸಪ್ಪಳ ಕೇಳಿ ಕೇಳಿ ನನಗೆ ಅಳುವೇ ಬಂತು.

ಶನಿವಾರ ಬೆಳಿಗ್ಗೆ ಅಡುಗೆಮನೆಯಿಂದ ಕೂಗಿದರು. ಅಟ್ಟದ ಗಂಟು ಇಳಿಸು ಎಂದರು.

ಶಿರೂರಿನ ಗಡ್ಡೆ ಮೂರು ವರ್ಷಕ್ಕೆ ಕಪ್ಪಾಗಿತ್ತು, ಒಡೆದರೆ ಒಳಗೆ ಇನ್ನೂ ಜೇನಿನ ವಾಸನೆ. ಅತ್ತೆ ಕುದಿಯುವ ನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಅದನ್ನು ಕರಗಿಸಿದರು. ನೇರ ಬೆಂಕಿಗೆ ಇಟ್ಟರೆ ಮೇಣ ಸುಟ್ಟು ಕಮಟು ಹಿಡಿಯುತ್ತದೆಯಂತೆ. ಮಾವನ ಹಳೆಯ ಧೋತರದ ತುಂಡಿನಲ್ಲಿ ಎರಡು ಸಲ ಸೋಸಿದರು. ಬಟ್ಟೆಯ ಮೇಲೆ ಹುಳುವಿನ ರೆಕ್ಕೆ, ಕಸ ನಿಂತು, ಕೆಳಗೆ ಹಳದಿ ಮೇಣ ಇಳಿಯಿತು. ಔಡಲ ಎಣ್ಣೆಯನ್ನು, ಅಂದರೆ ಹರಳೆಣ್ಣೆಯನ್ನು, ಹನಿ ಹನಿಯಾಗಿ ಬಿಟ್ಟು ಕಡ್ಡಿಯಿಂದ ತಿರುವಿದರು. ಎಷ್ಟು ಹನಿ ಎಂದು ಎಣಿಸಲು ನನ್ನ ನಾಲಿಗೆ ತುರಿಸುತ್ತಿತ್ತು, ಹಲ್ಲು ಕಚ್ಚಿಕೊಂಡು ನಿಂತೆ.

ತಟ್ಟೆಯ ಮೇಲೆ ಒಂದು ಹನಿ ಆರಿಸಿ, ಬೆರಳಲ್ಲಿ ತಿಕ್ಕಿ ನೋಡಿದರು. ಆಮೇಲೆ ಬೆರಳು ಗಾಳಿಯಲ್ಲೇ ನಿಂತಿತು. ನನ್ನ ಹಣೆಯ ಮೇಲೆ ನೋಡಿರಿ ಎಂದು ಅಂಟಿಸಿಕೊಂಡಿದ್ದ ಟಿಕಳಿ ಕಿತ್ತು ಮುಂದೆ ಬಾಗಿದೆ. ಸವರಿದರು, ಒತ್ತಿದರು, ತಲೆಯಾಡಿಸಿದರು.

"ನಿನ್ನ ಹಣಿ ನನಗ ಏನೂ ಹೇಳವಲ್ದು," ಎಂದರು.

ಹೇಗೆ ಹೇಳೀತು? ಮೇಣ ಎಳೆಯುತ್ತದೋ ಜಾರುತ್ತದೋ ಎಂಬುದು ಹಚ್ಚಿಕೊಂಡವರಿಗೆ ತಿಳಿಯಬೇಕು. ಅತ್ತೆ ಒಲೆಯ ಉರಿ ಸಣ್ಣ ಮಾಡಿದರು. ಆಮೇಲೆ ನನಗೆ ಬೆನ್ನು ಮಾಡಿ, ಕಿಟಕಿಯ ಪಕ್ಕದ ಕನ್ನಡಿಯ ಮುಂದೆ ಹೋಗಿ, ವಿಭೂತಿಯ ಗೆರೆಗಳ ಕೆಳಗೆ ಮೇಣ ಸವರಿಕೊಂಡರು. ಮೆತ್ತಗಾಗಿದೆ ಎಂದು ಬಂದು ಇನ್ನಷ್ಟು ಮೇಣ ಸೇರಿಸಿದರು. ಮತ್ತೆ ಸವರಿದರು. ಮೂರನೆಯ ಸಲಕ್ಕೆ ಕನ್ನಡಿಯ ಮುಂದೆಯೇ ನಿಂತುಬಿಟ್ಟರು. ಪಕ್ಕದಲ್ಲಿ ಮೊಣಕೈ ತಳ್ಳುವವರು ಇರಲಿಲ್ಲ. ಆದರೂ ಅತ್ತೆ ಸ್ವಲ್ಪ ಬದಿಗೆ ಸರಿದೇ ನಿಂತಿದ್ದರು.

"ಕುಂಕುಮ ಹಚ್ಚಲಾರದ ಹೆಂಗ ತಿಳೀಬೇಕು, ನಿಂದ್ರತದೋ ಇಲ್ಲೋ?" ಎಂದು ನನ್ನ ಮೇಲೆಯೇ ಸಿಡುಕಿದರು.

ನಾನು ದೇವರ ಮನೆಯಿಂದ ಕುಂಕುಮದ ಭರಣಿ ತಂದು ಅವರ ಮುಂದೆ ಹಿಡಿದೆ. ಇವತ್ತು ಬೇಡ, ನಾಳೆ ಮುಂಜಾನೆ ಎಂದರು. ಅವತ್ತೆಲ್ಲ ಮನಸ್ಸು ಬದಲಾದೀತೆಂದು ನನಗೆ ದಿಗಿಲು. ಬದಲಾಗಲಿಲ್ಲ. ಭಾನುವಾರ ಸ್ನಾನ ಮಾಡಿ, ವಿಭೂತಿ ಧರಿಸಿ, ಮೇಣ ಸವರಿ, ಭರಣಿಯಿಂದ ಚಿಟಿಕೆ ತೆಗೆದು ಹಣೆಗೆ ಒತ್ತಿಕೊಂಡರು. ಸಂಜು ಪೇಪರು ಓದುತ್ತಿದ್ದವನು ತಲೆ ಎತ್ತಿದ, ಏನೋ ಹೇಳಲು ಬಾಯಿ ತೆರೆದ. ನಾನು ಕಣ್ಣು ಬಿಟ್ಟೆ. ಅವನು ಪೇಪರಿನೊಳಗೆ ಮುಖ ಹುದುಗಿಸಿ ಬಹಳ ಹೊತ್ತು ಪುಟ ತಿರುವಲಿಲ್ಲ.

ಅಂದು ಅತ್ತೆ ಬೇಕೆಂದೇ ಒಲೆಯ ಮುಂದೆ ನಿಂತು ರೊಟ್ಟಿ ಬಡಿದರು. ಮಧ್ಯಾಹ್ನ ಗಚ್ಚಿಯ ಮೇಲೆ ಹೋಗಿ ಬಿಸಿಲಲ್ಲಿ ಸಂಡಿಗೆ ಹಾಕಿದರು. ಕೆಳಗಿನ ಮನೆಯ ಶೀತಲ್ ಮೆಟ್ಟಿಲ ಮೇಲೆ ಎದುರಾಗಿ ಅವರ ಹಣೆಯನ್ನೇ ನೋಡಿದಳಂತೆ. ಇವರು ಮರಾಠಿಯಲ್ಲಿ, ಮೇಣದ ಪರೀಕ್ಷೆ ನಡೆದಿದೆ ಎಂದು ಹೇಳಿ ಮೇಲೆ ಬಂದರಂತೆ. ಸಂಜೆ ಐದಕ್ಕೆ ಅವ್ವಣ್ಣ ಕಾಕಾ ಬಂದರು. ಒಂದು ಚಪ್ಪಲಿ ಬಿಟ್ಟರು, ಅತ್ತೆಯ ಹಣೆ ಕಂಡದ್ದೇ ಇನ್ನೊಂದು ಕಾಲಲ್ಲೇ ಉಳಿಯಿತು.

ಅತ್ತೆ ತುಂಬಿದ ಡಬ್ಬಿಯನ್ನು ಮುಂದೆ ಚಾಚಿದರು. "ಮುಂಜಾನೆ ಹಚ್ಚಿದ್ದು, ಹಂಗ ಅದ. ಈಗ ಒಯ್ರಿ."

"ಛಲೋ ನಿಂತದ್ರಿ, ವೈನಿ," ಎಂದರು ಕಾಕಾ. ಎರಡೂ ಕೈಯಿಂದ ಡಬ್ಬಿ ತೆಗೆದುಕೊಂಡರು.

ಸೋಮವಾರ ಅತ್ತೆಯ ಹಣೆಯ ಮೇಲೆ ಮತ್ತೆ ವಿಭೂತಿಯಷ್ಟೇ ಇತ್ತು. ಪರೀಕ್ಷೆ ಮುಗಿದಿತ್ತಲ್ಲ. ನನಗೆ ಇಡೀ ದಿನ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಹಾಗೇ ಇರಲಿ ಎಂದು ಈ ಸಲವಾದರೂ ಹೇಳಬೇಕು ಎಂದು ದಿನಾ ಅಂದುಕೊಂಡೆ, ದಿನಾ ಅವರ ಮುಖ ನೋಡಿ ಮಾತು ನುಂಗಿದೆ. ನನಗಾಗದ್ದನ್ನು ಮಾಡಿದವರು ಅವ್ವಣ್ಣ ಕಾಕಾ.

ಮುಂದಿನ ಭಾನುವಾರ ಕಾಕಾ ಒಳಗೆ ಬಂದಾಗ ಮೀಸೆ ಚೇಳಿನ ಕೊಂಡಿಯ ಹಾಗೆ ಎರಡೂ ಕಡೆ ಎದ್ದು ನಿಂತಿತ್ತು. ಎರಡು ಬಸ್ಸಿನ ನೂಕುನುಗ್ಗಲು, ಬಿಸಿಲು, ಬೆವರು ಎಲ್ಲ ದಾಟಿ ಬಂದರೂ ಒಂದು ಕೂದಲು ಅಲುಗಿರಲಿಲ್ಲ. ಕೂತರು, ಚಹಾ ಮುಗಿಸಿದರು, ಡಬ್ಬಿಯನ್ನು ಮೇಜಿನ ಮೇಲೆ ಇಟ್ಟರು.

"ಸ್ವಲ್ಪ ಮೆತ್ತಗ ಆದಂಗ ಅದರಿ, ವೈನಿ," ಎಂದರು. "ಹದ ಇನ್ನೊಮ್ಮೆ ನೋಡಬೇಕಾಗತದ."

ಅತ್ತೆ ಆ ಮೀಸೆಯನ್ನು ಎಡ ತುದಿಯಿಂದ ಬಲ ತುದಿಯತನಕ ನಿಧಾನಕ್ಕೆ ನೋಡಿದರು. ಕಾಕಾ ಚಹಾದ ಖಾಲಿ ಬಸಿಯೊಳಗೆ ನೋಡುತ್ತ ಕೂತಿದ್ದರು. ಅತ್ತೆ ಡಬ್ಬಿ ಎತ್ತಿಕೊಂಡರು.

"ಹಂಗಾರ ನಾಳಿಂದ ಹಚ್ಚಿ ನೋಡ್ತೀನಿ," ಎಂದರು. "ಶೈಲಾ, ಆ ಭರಣಿ ಕನ್ನಡಿ ಹತ್ತಿರನ ಇಡು."

ಅಂದಿನಿಂದ ಪರೀಕ್ಷೆ ನಡೆದೇ ಇದೆ. ಮಳೆಗಾಲಕ್ಕೆ ಮೇಣ ಅಂಟು ಹೆಚ್ಚು ಎಂದರು ಕಾಕಾ, ದಸರೆಗೆ ಕಡಿಮೆ ಎಂದರು, ಈಗ ಚಳಿಗೆ ಬಿರುಸಾಯಿತು ಎನ್ನುತ್ತಿದ್ದಾರೆ. ಅತ್ತೆ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಹಣೆಗೆ ಹಚ್ಚಿ ನೋಡುತ್ತಾರೆ. ಕಾಕಾನ ಮೀಸೆ ಒಂದು ಭಾನುವಾರವೂ ಬಾಗಿಲ್ಲ, ಅವರ ದೂರು ಒಂದು ಭಾನುವಾರವೂ ತಪ್ಪಿಲ್ಲ.